ಅಪ್ಪನ ಬಂಗಾರದ ಲೈಸೆನ್ಸು

ತಿಂಗಳ ಕೊನೆಯ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ನನ್ನ ಜೇಬಿನಲ್ಲಿ ಹಳದಿ ಲೈಸೆನ್ಸು ಇರಬೇಕು, ಇಲ್ಲದಿದ್ದರೆ ಕೆಲಸ ತನ್ನ ನಾದಿನಿಯ ಮಗನಿಗೆ ಎಂದು ಕ್ಲೈವ್ ಹೇಳಿಬಿಟ್ಟಿದ್ದ. ನಮ್ಮೂರು ಕೋವೈ ಫ್ಲಾಟ್‌ನ ಸುತ್ತಮುತ್ತಲಿನ ಹಣ್ಣಿನ ತೋಟಗಳ ನೀರಿನ ಪಂಪುಗಳನ್ನೆಲ್ಲ ರಿಪೇರಿ ಮಾಡುವವನು ಈ ಕ್ಲೈವ್. ಅವನ ನಾದಿನಿಯ ಮಗನನ್ನು ನಾನು ಬಲ್ಲೆ. ಪಂಪಿನ ಯಾವ ತುದಿಯಿಂದ ನೀರು ಬರುತ್ತದೆ ಎಂದು ಕೇಳಿದರೆ ಎರಡೂ ತುದಿಗೆ ಬಾಯಿ ಹಚ್ಚಿ ನೋಡುವ ಪ್ರಾಣಿ. ಆದರೆ ಅವನ ಬಳಿ ಹಳದಿ ಕಾರ್ಡಿತ್ತು. ನನ್ನ ಬಳಿ ಇದ್ದದ್ದು ನೀಲಿ.

ನ್ಯೂಜಿಲೆಂಡಿನಲ್ಲಿ ಹುಡುಗನೊಬ್ಬ ಗಾಡಿ ಓಡಿಸುವ ಮನುಷ್ಯನಾಗಬೇಕಾದರೆ ಮೂರು ಜನ್ಮ ಎತ್ತಬೇಕು. ಮೊದಲ ಜನ್ಮ ನೀಲಿ, ಕಲಿಯುವವನದು. ಪಕ್ಕದ ಸೀಟಿನಲ್ಲಿ ಪೂರ್ತಿ ಲೈಸೆನ್ಸಿನ ದೊಡ್ಡವರೊಬ್ಬರು ಕೂತು ಉಸಿರು ಬಿಗಿ ಹಿಡಿದಿರಬೇಕು. ಎರಡನೆಯದು ಹಳದಿ, ಅರ್ಧ ಲೈಸೆನ್ಸು. ಒಬ್ಬನೇ ಓಡಿಸಬಹುದು, ಆದರೆ ರಾತ್ರಿ ಹತ್ತಕ್ಕೆ ಮನೆ ಸೇರಬೇಕು, ಸ್ನೇಹಿತರನ್ನು ಹತ್ತಿಸಿಕೊಳ್ಳುವಂತಿಲ್ಲ. ಮೂರನೆಯದು ಹಸಿರು, ಪೂರ್ತಿ ಲೈಸೆನ್ಸು. ಅಲ್ಲಿಗೆ ಮುಕ್ತಿ. ಒಂದೊಂದು ಜನ್ಮಕ್ಕೂ ಒಂದೊಂದು ಪರೀಕ್ಷೆ. ನಾನು ಹದಿನಾರಕ್ಕೆ ಶಾಲೆ ಬಿಟ್ಟದ್ದೇ ಪರೀಕ್ಷೆಗಳ ಕಾಟ ತಪ್ಪಲಿ ಎಂದು. ಅದು ತಿಳಿದೇ ಸರ್ಕಾರ ಪರೀಕ್ಷೆಗಳನ್ನು ತಂದು ರಸ್ತೆಯ ಮೇಲೆ ಇಟ್ಟಿರಬೇಕು.

ಆರು ತಿಂಗಳು ನನ್ನ ಪಕ್ಕದಲ್ಲಿ ಕೂತು ಕಲಿಸಿದವನು ನಮ್ಮಪ್ಪ, ಮರ್ವಿನ್ ಕಿಟ್ಸನ್. ಊರಿನ ಹಣ್ಣಿನ ಶೆಡ್ಡಿನಲ್ಲಿ ಕೀವಿ ಹಣ್ಣು ವಿಂಗಡಿಸುವವನು. ಬೆಲ್ಟಿನ ಮೇಲೆ ಓಡುವ ಹಣ್ಣನ್ನು ಒಂದು ನೋಟದಲ್ಲಿ ಇದು ಒಂದನೇ ದರ್ಜೆ, ಇದು ಎರಡನೆಯದು, ಇದು ದನಕ್ಕೆ ಎಂದು ತೀರ್ಮಾನಿಸಿ ಅಭ್ಯಾಸವಾಗಿ, ಜಗತ್ತಿನ ಎಲ್ಲವನ್ನೂ ಅಪ್ಪ ಹಾಗೆಯೇ ತೀರ್ಮಾನಿಸುತ್ತಿದ್ದ. ಊರಿನ ಚಾಲಕರೆಲ್ಲ ಅವನ ಲೆಕ್ಕದಲ್ಲಿ ದನಕ್ಕೆ. ಒಂದನೇ ದರ್ಜೆ ಅವನೊಬ್ಬನೇ. ರಗ್ಬಿ ತಂಡದ ವ್ಯಾನು ಓಡಿಸುವವನು ಅಪ್ಪ. ಭಾನುವಾರ ಮುದುಕಿಯರನ್ನು ಚರ್ಚಿಗೆ ಕರೆದೊಯ್ಯುವವನು ಅಪ್ಪ. ಯಾರದೋ ಹೆಂಡತಿಗೆ ಹೆರಿಗೆ ನೋವು ಬಂದರೂ ಗಂಡನಿಗಿಂತ ಮೊದಲು ಅಪ್ಪನಿಗೆ ಫೋನು.

ಬುಧವಾರ ನನ್ನ ಪರೀಕ್ಷೆ. ಪರೀಕ್ಷೆ ನಡೆಯುವ ಪಟ್ಟಣ ಅರವತ್ತು ಕಿಲೋಮೀಟರ್ ದೂರ. ನಮ್ಮ ಹಳೆಯ ಸ್ಟೇಷನ್ ವ್ಯಾಗನ್ ಕಾರಿಗೆ ಕಲಿಯುವವನ ಫಲಕ ಹಚ್ಚಿ ನಾನೇ ಓಡಿಸಿಕೊಂಡು ಹೋದೆ. ಅಪ್ಪ ಪಕ್ಕದಲ್ಲಿ ಕೂತು ಎದುರಿಗೆ ಬಂದ ಗಾಡಿಗಳಿಗೆಲ್ಲ ದರ್ಜೆ ಕೊಡುತ್ತಿದ್ದ.

ಪರೀಕ್ಷಾಧಿಕಾರಿ ಆಲ್ಡ್‌ರಿಡ್ಜ್ ಎಂಬ ಸಣಕಲು ಮನುಷ್ಯ. ಎದೆಗೊಂದು ಕಾಗದ ಸಿಕ್ಕಿಸಿದ ಹಲಗೆ ಅವುಚಿಕೊಂಡಿದ್ದ. ನನ್ನ ನೀಲಿ ಕಾರ್ಡು ನೋಡಿ, "ಜೊತೇಲಿ ಬಂದಿರೋರು ಯಾರು?" ಅಂದ.

ಅಪ್ಪ ಮುಂದೆ ಬಂದ. "ನಾನೇ. ತಂದೆ. ಗುರೂನೂ ನಾನೇ."

"ನಿಮ್ಮ ಲೈಸೆನ್ಸ್ ಸ್ವಲ್ಪ ತೋರಿಸ್ತೀರಾ?"

ಅಪ್ಪ ಪರ್ಸಿನಿಂದ ಕಾರ್ಡು ತೆಗೆದ. ಶರ್ಟಿನ ತೋಳಿಗೆ ಒಂದು ಸಲ ಒರೆಸಿದ. ಮದುವೆ ಉಂಗುರ ಇಡುವವನ ಹಾಗೆ ಮೇಜಿನ ಮೇಲಿಟ್ಟ. ಕಾರ್ಡು ಹಳದಿ.

ಆಲ್ಡ್‌ರಿಡ್ಜ್ ಅದನ್ನು ನೋಡಿದ. ಅಪ್ಪನನ್ನು ನೋಡಿದ. ಮತ್ತೆ ಕಾರ್ಡು ನೋಡಿದ. "ಇದು ಹಳದಿ."

"ಬಂಗಾರದ್ದು," ಅಪ್ಪ ತಿದ್ದಿದ. "ಇಲ್ಲಿ ಜಾಸ್ತಿ ಬರಲ್ಲ ಅನ್ಸುತ್ತೆ."

"ದಿನಕ್ಕೆ ಹತ್ತು ಹನ್ನೆರಡು ಬರುತ್ತೆ. ಎಲ್ಲಾ ಹದಿನೇಳು ಹದಿನೆಂಟು ವರ್ಷದವರದ್ದು." ಆಲ್ಡ್‌ರಿಡ್ಜ್ ತನ್ನ ಜೇಬಿನಿಂದ ತನ್ನದೇ ಕಾರ್ಡು ತೆಗೆದು ಪಕ್ಕದಲ್ಲಿಟ್ಟ. ಹಸಿರು. "ನಿಮ್ಮ ಹತ್ರ ಈ ತರದ್ದು ಇರಬೇಕಿತ್ತು."

ಅಪ್ಪನ ಮುಖದಲ್ಲಿ ಕರುಣೆ ಉಕ್ಕಿತು. "ಪಾಪ. ನಿಮಗಿನ್ನೂ ಬಂದಿಲ್ವಾ? ಈ ಕೆಲಸದಲ್ಲಿ ಇದ್ದುಕೊಂಡೂ?"

ನೆಲ ಬಾಯಿ ಬಿಟ್ಟಿದ್ದರೆ ಕಲಿಯುವವನ ಫಲಕದ ಸಮೇತ ಒಳಗೆ ಹೋಗುತ್ತಿದ್ದೆ.

ಆಲ್ಡ್‌ರಿಡ್ಜ್ ಮೆಲ್ಲಗೆ ಹೇಳಿದ. "ಕಿಟ್ಸನ್ ಅವರೇ, ಹಳದಿ ಅಂದ್ರೆ ಅರ್ಧ ಲೈಸೆನ್ಸು. ಹಸಿರು ಅಂದ್ರೆ ಪೂರ್ತಿ. ನೀವು ಸಾವಿರದ ಒಂಬೈನೂರ ತೊಂಬತ್ತರಲ್ಲಿ ಅರ್ಧ ಪಾಸಾಗಿದ್ದೀರಿ. ಇಪ್ಪತ್ತೆರಡು ವರ್ಷದಿಂದ ಉಳಿದರ್ಧಕ್ಕೆ ಬಂದೇ ಇಲ್ಲ."

"ಸಾರ್, ನಾನು ಹಣ್ಣಿನ ಶೆಡ್ಡಲ್ಲಿ ಗ್ರೇಡರ್," ಅಪ್ಪ ತಾಳ್ಮೆಯಿಂದ ಮಗುವಿಗೆ ಹೇಳುವಂತೆ ಹೇಳಿದ. "ಹಸಿರು ಕೀವಿ ಅಗ್ಗ. ಬಂಗಾರದ ಕೀವಿ ಡಬಲ್ ರೇಟು. ಜಪಾನಿನೋರು ಡಬ್ಬಿಯಲ್ಲಿಟ್ಟು ಉಡುಗೊರೆ ಕೊಡ್ತಾರೆ. ಕೆಳಗಿನ ದರ್ಜೆಗೆ ಮೇಲಿನ ಬಣ್ಣ ಯಾವ ಸರ್ಕಾರ ಕೊಡುತ್ತೆ? ಹಸಿರು ಅಂದ್ರೆ ಕಾಯಿ. ಇಟ್ಟರೆ ತಾನಾಗೇ ಬಣ್ಣ ತಿರುಗುತ್ತೆ. ನಂದು ಎರಡು ಸಲ ರಿನ್ಯೂ ಆಯ್ತು, ಎರಡು ಸಲಾನೂ ಬಂಗಾರವೇ ಬಂತು. ಅವಾಗ ಯಾರೂ ಕೆಮ್ಮಲಿಲ್ಲ."

ಆಲ್ಡ್‌ರಿಡ್ಜ್ ತನ್ನ ಹಸಿರು ಕಾರ್ಡನ್ನು ಜೇಬಿಗೆ ಹಾಕಿಕೊಂಡ. ಆಮೇಲೆ, "ಇದು ಹಣ್ಣಲ್ಲ, ಕಿಟ್ಸನ್ ಅವರೇ," ಅಂದ.

ಪರೀಕ್ಷೆ ಆಗಲಿಲ್ಲ. ಕಲಿಯುವವನು ಪೂರ್ತಿ ಲೈಸೆನ್ಸಿನವರ ಜೊತೆ ಬಂದಿರಬೇಕು, ನಾನು ಬಂದಿರಲಿಲ್ಲ, ಅಷ್ಟೇ. ಬೇಡಿಕೊಂಡ ಮೇಲೆ ಮುಂದಿನ ವಾರದ ಶುಕ್ರವಾರ ಹನ್ನೊಂದು ಗಂಟೆಗೆ ಒಂದು ಜಾಗ ಕೊಟ್ಟ. ಸೋಮವಾರಕ್ಕೆ ಮೊದಲು ಅದೇ ಕೊನೆಯದು. ಮನೆಗೆ ಹೇಗೆ ಹೋಗುವುದು ಎಂದು ಕೇಳಿದ್ದಕ್ಕೆ ಆಲ್ಡ್‌ರಿಡ್ಜ್ ಪುಸ್ತಕ ತೆರೆದು ಓದಿದ. "ಹಳದಿಯೋರು ತಮ್ಮ ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ಓಡಿಸ್ಬಹುದು. ಬೇರೆ ಯಾರೂ ಇಲ್ಲ. ನೀವು ಓಡಿಸಿ. ಅವನು ಕೂರಲಿ."

ದಾರಿಯಲ್ಲಿ ನಲವತ್ತು ಕಿಲೋಮೀಟರ್ ಅಪ್ಪ ಒಂದು ಗಾಡಿಗೂ ದರ್ಜೆ ಕೊಡಲಿಲ್ಲ. ಆಮೇಲೆ, "ಯಾರಿಗೂ ಹೇಳ್ಬೇಡ," ಅಂದ. ನಾನು ಹೇಳಲಿಲ್ಲ. ಊರಿನ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿ, ಕೆಳಗಿಳಿದು, ಪೆಟ್ರೋಲ್ ಹಾಕುತ್ತಿದ್ದ ಮೂವರ ಮುಂದೆ ಅಪ್ಪನೇ ಕಾರ್ಡು ತೆಗೆದು, "ನೀವೇ ಹೇಳ್ರಪ್ಪಾ, ಇದು ಯಾವ ದರ್ಜೆ?" ಎಂದು ಕೇಳಿದ.

ನಾವು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ನಮಗಿಂತ ಮೊದಲು ಮನೆ ಮುಟ್ಟಿ ಚಹಾ ಕುಡಿಯುತ್ತಿತ್ತು. ಅಡುಗೆಮನೆಯಲ್ಲಿ ಅಮ್ಮ ನಿಂತಿದ್ದಳು. ಅಮ್ಮನ ಹೆಸರು ನೊಯ್‌ಲೀನ್. ಕೈಯಲ್ಲಿ ಮರದ ಸೌಟು.

"ಮದುವೆಯಾದ ವರ್ಷ ನಾನು ಡ್ರೈವಿಂಗ್ ಕಲೀತೀನಿ ಅಂದೆ," ಅಂದಳು. "ನೀನೇನಂದೆ ಮರ್ವ್?"

"ಹಳೇದೆಲ್ಲ ಈಗ್ಯಾಕೆ?"

"'ನಾನಿರೋವಾಗ ನಿನಗ್ಯಾಕೆ ಲೈಸೆನ್ಸು' ಅಂದೆ. ಹದಿನೆಂಟು ವರ್ಷ ಮಳೇಲಿ ಬಸ್ಸಿಗೆ ಕಾದಿದ್ದೀನಿ ನಾನು. ನಿನಗೇ ಇಲ್ವಲ್ಲೋ!"

"ಅರ್ಧ ಇದೆ."

ಸೌಟು ಸಿಂಕಿನೊಳಗೆ ಬಿದ್ದ ಶಬ್ದಕ್ಕೆ ಪಕ್ಕದ ಮನೆಯ ವೈಮಾರಿಯಾ ಆಂಟಿ ಬೇಲಿ ದಾಟಿ ಬಂದರು. ಎಪ್ಪತ್ತಾರು ವರ್ಷ, ತಲೆಯ ಮೇಲೆ ಉಣ್ಣೆಯ ಟೋಪಿ, ಕೈಯಲ್ಲಿ ಸದಾ ಒಂದು ಕೋಲು, ಊರುವುದಕ್ಕಲ್ಲ, ತೋರಿಸುವುದಕ್ಕೆ. ಹನ್ನೆರಡು ವರ್ಷದಿಂದ ಪ್ರತಿ ಭಾನುವಾರ ಅಪ್ಪನ ಪಕ್ಕದ ಸೀಟಿನಲ್ಲಿ ಕೂತು ಚರ್ಚಿಗೆ ಹೋಗುತ್ತಿದ್ದವರು. ಅವರ ಹಿಂದೆಯೇ ಊರಿನ ಏಕೈಕ ಪೊಲೀಸು, ಕಾನ್‌ಸ್ಟೆಬಲ್ ಫಿಯೋನಾ, ಟೋಪಿ ಕಂಕುಳಲ್ಲಿಟ್ಟುಕೊಂಡು ಬಂದಳು.

"ಏ ಮರ್ವ್," ಆಂಟಿ ಕೋಲು ಎತ್ತಿದರು. "ದೇವರ ಮನೆಗೆ ನನ್ನನ್ನ ಕಳ್ಳಗಾಡೀಲಿ ಕರ್ಕೊಂಡು ಹೋಗ್ತಿದ್ಯೇನೋ? ಪಾದ್ರಿ ಮುಂದೆ ನಾನು ಹ್ಯಾಗೋ ಮುಖ ತೋರಿಸ್ಲಿ?"

"ಆಂಟಿ, ನಿಮ್ಮ ಲೈಸೆನ್ಸ್ ಯಾವುದು?" ಫಿಯೋನಾ ಕೇಳಿದಳು.

"ನಂದು ಐವತ್ತೇಳನೇ ಇಸವೀದು. ಆಫೀಸರು ಕೇಳ್ದ, 'ಗಾಡಿ ಬಿಡೋಕೆ ಬರುತ್ತಾ?' ಅಂತ. 'ಮತ್ತೆ ಇಲ್ಲಿಗೆ ಹಾರ್ಕೊಂಡು ಬಂದ್ನಾ?' ಅಂದೆ. ಬರ್ಕೊಟ್ಟ." ಆಂಟಿ ಟೋಪಿಯ ಮಡಿಕೆಯಿಂದ ಕಾರ್ಡು ತೆಗೆದರು. ಪಾಲಕ್ ಎಲೆಯಷ್ಟು ಹಸಿರು.

"ಹಾಗಾದ್ರೆ ಭಾನುವಾರದ್ದು ತಪ್ಪೇ ಅಲ್ಲ. ಪೂರ್ತಿ ಲೈಸೆನ್ಸಿನೋರು ಪಕ್ಕದಲ್ಲಿ ಕೂತಿದ್ರೆ ಹಳದಿಯೋನು ಯಾರನ್ನ ಬೇಕಾದ್ರೂ ಕೂರಿಸ್ಕೊಬಹುದು. ಕಾನೂನು ಪ್ರಕಾರ ಅವನ ಮೇಲ್ವಿಚಾರಣೆ ನಿಮ್ದೇ ಆಗಿತ್ತು."

ಆಂಟಿಯ ಬೆನ್ನು ನಿಧಾನವಾಗಿ ನೆಟ್ಟಗಾಯಿತು. ಅಡುಗೆಮನೆಯಲ್ಲಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. "ಅಂದ್ರೆ ಹನ್ನೆರಡು ವರ್ಷದಿಂದ ಇವನನ್ನ ಚರ್ಚಿಗೆ ಕರ್ಕೊಂಡು ಹೋಗ್ತಿದ್ದೋಳು ನಾನು. ಒಂದು ದಿನ, ಒಂದೇ ಒಂದು ದಿನ ಇವನು ನಂಗೆ ಥ್ಯಾಂಕ್ಸ್ ಹೇಳಿದ್ದಾನಾ, ಕೇಳಿ!"

"ರಗ್ಬಿ ವ್ಯಾನು?" ಎಂದು ನಾನು ಕೇಳಬಾರದಿತ್ತು. ಕೇಳಿದೆ.

ಫಿಯೋನಾ ದಂಡದ ಪುಸ್ತಕದ ಹಾಳೆಗಳನ್ನು ಹೆಬ್ಬೆರಳಿನಿಂದ ಸರ್ರನೆ ಹಾರಿಸಿದಳು. "ಇಪ್ಪತ್ತೆರಡು ವರ್ಷದ್ದು ಬರೀತಾ ಕೂತ್ರೆ ಇದರಲ್ಲಿ ಹಾಳೆ ಸಾಲಲ್ಲ. ಹಿಂದಿನದು ನಾನು ನೋಡಿಲ್ಲ. ಇವತ್ತಿಂದ ನೋಡ್ತೀನಿ."

ಇಷ್ಟಕ್ಕೇ ಮುಗಿದಿದ್ದರೆ ಅದು ನಮ್ಮ ಮನೆಯ ಮಾನದ ವಿಷಯವಾಗಿ ಉಳಿಯುತ್ತಿತ್ತು. ಆದರೆ ಅಪ್ಪ ತನ್ನ ಜ್ಞಾನವನ್ನು ಒಬ್ಬನೇ ಇಟ್ಟುಕೊಳ್ಳುವ ಜಾತಿಯವನಲ್ಲ. ಮರುದಿನ ಶೆಡ್ಡಿನಲ್ಲಿ ಚಹಾದ ಹೊತ್ತಿಗೆ, ಮರ್ವ್ ಕಿಟ್ಸನ್‌ನ ಕಥೆ ಹೇಳಿ ನಗುತ್ತಿದ್ದ ಬೆವನ್ ತನ್ನ ಕಾರ್ಡು ತೆಗೆದು ತೋರಿಸಲು ಹೋದ. ಬೆವನ್ ರಗ್ಬಿ ತಂಡದ ನಾಯಕ, ಬಾಗಿಲಲ್ಲಿ ಅಡ್ಡ ತಿರುಗಿ ಬರುವಷ್ಟು ಅಗಲ. ಅವನ ಕಾರ್ಡೂ ಹಳದಿ. ನಗು ನಿಂತಿತು. ಎಲ್ಲರ ಪರ್ಸುಗಳೂ ಹೊರಬಂದವು. ಇಡೀ ಮೇಜು ಸೇವಂತಿಗೆ ಪಾತಿಯ ಹಾಗೆ ಹಳದಿಯಾಯಿತು.

"ಮರ್ವ್," ಬೆವನ್ ಎದ್ದು ನಿಂತ. "ಆರು ವರ್ಷದ ಹಿಂದೆ ಇದು ಬಂದಾಗ ನಿನಗೇ ತಾನೇ ಮೊದಲು ತೋರಿಸಿದ್ದು?"

"ಇರಬಹುದಪ್ಪ."

"'ಭೇಷ್, ಇನ್ನು ಮೇಲಕ್ಕೆ ಏನೂ ಇಲ್ಲ' ಅಂತ ಬೆನ್ನು ತಟ್ಟಿದ್ದೆ!"

"ನಂಗೂ ಹಾಗೇ ಹೇಳಿದ್ದ!" ಇನ್ನೊಬ್ಬ ಕೂಗಿದ. "ನಂಗೆ ಹೇಳಿ ಬಿಯರ್ ಬೇರೆ ಕುಡಿದ!"

"ನಂಗೆ ಇದಕ್ಕೆ ಚೌಕಟ್ಟು ಹಾಕ್ಸು ಅಂದಿದ್ದ. ಅಮ್ಮ ಹಾಕ್ಸಿಬಿಟ್ಲು! ಆರು ತಿಂಗಳು ಕಾರ್ಡು ಗೋಡೆ ಮೇಲೇ ಇತ್ತು!"

ತಂಡದ ಹದಿನೈದು ಜನರಲ್ಲಿ ಹನ್ನೊಂದು ಮಂದಿ ಹಳದಿ. ಹನ್ನೊಂದೂ ಅಪ್ಪನ ಶಿಷ್ಯಕೋಟಿ. ಶನಿವಾರ ಮೂವತ್ತು ಕಿಲೋಮೀಟರ್ ಆಚೆಯ ಊರಿನಲ್ಲಿ ಪಂದ್ಯ. ಫಿಯೋನಾ ಊರಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ಹಳದಿಯವನು ಒಬ್ಬನೇ ಓಡಿಸಬಹುದು, ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ. ಆದ್ದರಿಂದ ನಮ್ಮ ತಂಡ ಕಾನೂನನ್ನು ಅಕ್ಷರಶಃ ಪಾಲಿಸಿ ಹನ್ನೊಂದು ಗಾಡಿಗಳಲ್ಲಿ ಹನ್ನೊಂದು ಜನರಾಗಿ ಹೊರಟಿತು. ಉಳಿದ ನಾಲ್ವರು ಹಸಿರಿನವರು, ತಮ್ಮಲ್ಲೊಬ್ಬ ತಂಡದ ವ್ಯಾನನ್ನೇ ಓಡಿಸಬಹುದಿತ್ತೆಂದು ಯಾರ ತಲೆಗೂ ಹೋಗದೆ, ಒಂದು ಗಾಡಿಯಲ್ಲಿ ಕಾಲು ಚಾಚಿಕೊಂಡು ಹಾಡು ಹೇಳುತ್ತ ಹೋದರು. ಅಂದು ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಹನ್ನೆರಡು ಗಾಡಿಗಳೂ ದೀಪ ಹಾಕಿಕೊಂಡು, ಒಂದರ ಹಿಂದೊಂದು, ಫಿಯೋನಾಳ ಭಯಕ್ಕೆ ಮೆಲ್ಲಗೆ ಸಾಗಿದವು. ದಾರಿಯಲ್ಲಿ ಒಬ್ಬ ಟ್ರ್ಯಾಕ್ಟರ್ ನಿಲ್ಲಿಸಿ ಟೋಪಿ ತೆಗೆದ. ಎದುರು ತಂಡದ ಊರಿನವರು ಅಂಗಡಿಯ ಬಾಗಿಲು ಅರ್ಧ ಹಾಕಿದರು. ಆಟಕ್ಕೆ ಮೊದಲು ಅವರ ನಾಯಕ ಬೆವನ್‌ನ ಕೈ ಹಿಡಿದು, "ತುಂಬಾ ಬೇಜಾರಾಯ್ತು ಕಣೋ, ಯಾರು ಹೋದದ್ದು?" ಎಂದು ಕೇಳಿ, ಒಂದು ನಿಮಿಷ ಮೌನಾಚರಣೆಯನ್ನೂ ಮಾಡಿಸಿದನಂತೆ. ಬೆವನ್ ಬೇಡವೆನ್ನಲಿಲ್ಲ. ಆ ನಿಮಿಷದಲ್ಲಿ ಅವನು ಮರ್ವ್ ಕಿಟ್ಸನ್‌ನನ್ನೇ ನೆನೆದನಂತೆ.

ನಾನು ನೀಲಿಯವನು. ನನಗೆ ಒಬ್ಬನೇ ಹೋಗುವ ಭಾಗ್ಯವೂ ಇರಲಿಲ್ಲ. ಬೇಲಿಯ ಮೇಲೆ ಕೂತು ಮೆರವಣಿಗೆ ನೋಡಿದೆ. ಕ್ಲೈವ್ ತನ್ನ ಟ್ರಕ್ಕು ನಿಲ್ಲಿಸಿ, "ಏನೋ ಡೇನ್, ಶುಕ್ರವಾರ ಆಗುತ್ತೋ ಇಲ್ವೋ? ನಮ್ಮ ನಾದಿನಿ ದಿನಾ ಫೋನ್ ಮಾಡ್ತಾಳೆ," ಅಂದ.

"ಆಗುತ್ತೆ."

"ನಿಮ್ಮಪ್ಪ ಜೊತೇಲಿ ಬರ್ತಾನಾ?"

"ಇಲ್ಲ."

"ಹಾಗಾದ್ರೆ ಆದರೂ ಆಗಬಹುದು," ಎಂದು ಕ್ಲೈವ್ ಗೇರು ಬದಲಿಸಿದ.

ನನ್ನ ಜೊತೆ ಬರಲು ಒಪ್ಪಿದವರು ವೈಮಾರಿಯಾ ಆಂಟಿ. ಆದರೆ ಒಂದು ಷರತ್ತು ಹಾಕಿದರು. "ಹನ್ನೆರಡು ವರ್ಷ ನನ್ನ ಕೈಕೆಳಗೆ ಇದ್ದೋನು ಇನ್ನೂ ಅರ್ಧದಲ್ಲೇ ಇದ್ದಾನೆ ಅಂದ್ರೆ ನನ್ನ ಹೆಸರು ಕೆಡುತ್ತೆ. ಮರ್ವೂ ಅವತ್ತೇ ಪೂರ್ತಿ ಪರೀಕ್ಷೆಗೆ ಕೂರ್ಬೇಕು."

ಅಪ್ಪ ಗಹಗಹಿಸಿದ. "ಹತ್ತು ನಿಮಿಷದ ಕೆಲಸ ಆಂಟಿ. ಆ ಸಣಕಲನಿಗೆ ನಾಕು ವಿಷಯ ನಾನೇ ಹೇಳ್ಕೊಟ್ಟು ಬರ್ತೀನಿ." ಅವನಿಗೆ ಹತ್ತು ಗಂಟೆ ಸಿಕ್ಕಿತು. ನನ್ನದು ಹನ್ನೊಂದು. ಗಾಡಿ ಅದೇ ಒಂದು.

ಆ ವಾರವೆಲ್ಲ ಆಂಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಭ್ಯಾಸ ಮಾಡಿದೆ. ಆಂಟಿ ರಸ್ತೆ ನೋಡುವುದಿಲ್ಲ, ಮನೆಗಳನ್ನು ನೋಡುತ್ತಾರೆ. "ನಿಧಾನ, ನಿಧಾನ, ಅವಳ ಪರದೆ ಹೊಸದಾ ನೋಡ್ತೀನಿ," ಎನ್ನುತ್ತಾರೆ. ಹಾಗಾಗಿ ಓಡಿಸುವ ವಿಷಯದಲ್ಲಿ ನನಗೆ ಗೊತ್ತಿದ್ದದ್ದೆಲ್ಲ ಅಪ್ಪ ಕಲಿಸಿದ್ದೇ.

ಶುಕ್ರವಾರ ಹತ್ತು ಗಂಟೆಗೆ ಅಪ್ಪ ತಲೆ ಬಾಚಿಕೊಂಡು ಆಲ್ಡ್‌ರಿಡ್ಜ್‌ನನ್ನು ಕೂರಿಸಿಕೊಂಡು ಹೊರಟ. ಹೊರಡುವಾಗ ನಮ್ಮತ್ತ ಕಣ್ಣು ಮಿಟುಕಿಸಿದ. ನಾನೂ ಆಂಟಿಯೂ ಬೆಂಚಿನ ಮೇಲೆ ಕೂತೆವು. ಹತ್ತೂವರೆಗೆ ಆಲ್ಡ್‌ರಿಡ್ಜ್ ತಿರುಗಿ ಬಂದ. ನಡೆದುಕೊಂಡು. ಒಬ್ಬನೇ. ಹಲಗೆಯನ್ನು ಗುರಾಣಿಯಂತೆ ಹಿಡಿದಿದ್ದ.

"ಸಾರ್, ಗಾಡಿ?" ಅಂದೆ.

"ಬೇಕರಿ ಮುಂದೆ."

"ನಮ್ಮಪ್ಪ?"

"ಬೇಕರಿ ಒಳಗೆ." ಕನ್ನಡಕ ತೆಗೆದು ಒರೆಸಿಕೊಂಡ. "ಪರೀಕ್ಷೆ ಅರ್ಧಕ್ಕೇ ನಿಲ್ಲಿಸ್ಬೇಕಾಯ್ತು. ಫೇಲ್ ಅಂದೆ. ಗಾಡಿ ನಿಲ್ಲಿಸಿ, ಕೀ ಜೇಬಿಗೆ ಹಾಕ್ಕೊಂಡು, ಪೈ ತಿನ್ನೋಕೆ ಹೋದ್ರು. ನಿಂದು ಹನ್ನೊಂದಕ್ಕೆ ತಾನೇ? ಐದು ನಿಮಿಷ ತಡ ಆದ್ರೂ ರದ್ದು. ಮುಂದಿನದು ಮೂರು ವಾರ ಆದ್ಮೇಲೆ."

ಬೇಕರಿ ಒಂದೂವರೆ ಕಿಲೋಮೀಟರ್. ಓಡಿದೆ. ಅರ್ಧ ದಾರಿಯಲ್ಲಿ ಕೊರಿಯರ್ ವ್ಯಾನೊಂದು ನನ್ನನ್ನು ದಾಟಿತು. ಮುಂದಿನ ಸೀಟಿನಲ್ಲಿ ಆಂಟಿ, ಡ್ರೈವರನಿಗೆ ಕೋಲಿನಿಂದ ದಾರಿ ತೋರಿಸುತ್ತಿದ್ದರು. ನನ್ನನ್ನು ಹತ್ತಿಸಿಕೊಳ್ಳಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಒಳಗೆ ಹೋದಾಗ ಅಪ್ಪ ಮೂಲೆಯ ಮೇಜಿನಲ್ಲಿ ಖೀಮಾ ತುಂಬಿದ ಪೈಗೆ ಟೊಮೆಟೊ ಸಾಸ್ ಸುರಿಯುತ್ತಿದ್ದ. ಎದುರಿಗೆ ಆಂಟಿ. ಗೋಡೆಯ ಗಡಿಯಾರದಲ್ಲಿ ಹತ್ತೂ ನಲವತ್ತು.

"ಕೀ ಕೊಡು," ಅಂದೆ, ಏದುಸಿರು ಬಿಡುತ್ತ.

"ಕೊಡಲ್ಲ. ನನಗೆ ಅವಮಾನ ಮಾಡಿದ ಕಡೆ ನನ್ನ ಮಗ ಪರೀಕ್ಷೆ ಕೊಡಲ್ಲ. ಮಾನದ ಪ್ರಶ್ನೆ."

"ಅಪ್ಪಾ, ಕೀ."

"'ನಿಲ್ಲು' ಫಲಕದ ಹತ್ರ ನಿಲ್ಲಿಸ್ಲಿಲ್ವಂತೆ! ಎರಡೂ ಕಡೆ ಒಂದು ನಾಯೀನೂ ಇಲ್ಲ. ಗಾಡಿ ಉಸಿರು ಬಿಡೋಷ್ಟು ನಿಧಾನ ಮಾಡ್ದೆ. ಸಾಲ್ದಂತೆ. ಚಕ್ರ ಪೂರ್ತಿ ನಿಲ್ಬೇಕಂತೆ!"

ಕೀಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದೆ. ಆ ಫಲಕದ ಹತ್ತಿರ ನಿಲ್ಲಿಸುವವರು ಹೇಡಿಗಳು ಎಂದು ಆರು ತಿಂಗಳು ನನಗೆ ಹೇಳಿಕೊಟ್ಟವನು ಇವನೇ.

"ಮತ್ತೆ?" ಅಂದೆ.

"ಮತ್ತೇನು, ಪಕ್ಕಕ್ಕೆ ಹೋಗೋವಾಗ ಹೆಗಲ ಮೇಲಿಂದ ಹಿಂದೆ ತಿರುಗಿ ನೋಡ್ಬೇಕಂತೆ. ಕನ್ನಡಿ ಇರೋದು ಗಡ್ಡ ಕೆರೆಯೋಕಾ?"

ಕತ್ತು ತಿರುಗಿಸಿದರೆ ಗಾಡಿಗೆ ನಮ್ಮ ಮೇಲೆ ನಂಬಿಕೆ ಹೋಗುತ್ತದೆ ಎಂದಿದ್ದ ನನಗೆ. ಮೇಜಿನ ಮೇಲಿದ್ದ ಪೈ ಕಟ್ಟಿದ ಕಾಗದದ ಚೀಲ ಎಳೆದುಕೊಂಡೆ. ಬೇಕರಿಯ ಹೆಂಗಸು ಏನೂ ಕೇಳದೆ ಪೆನ್ನು ಕೊಟ್ಟಳು. "ನಿಧಾನವಾಗಿ ಹೇಳು," ಅಂದೆ.

"ಬರ್ಕೊ, ಬರ್ಕೊ! ಮೇಲಿನೋರಿಗೆ ದೂರು ಕೊಡೋಣ." ಅಪ್ಪನಿಗೆ ಹುರುಪು ಬಂತು. "ವೃತ್ತದ ಹತ್ರ ಒಳಗೆ ಹೋಗೋವಾಗ ಮಾತ್ರ ಅಲ್ಲ, ಹೊರಗೆ ಬರೋವಾಗ್ಲೂ ತಿರುವಿನ ದೀಪ ಹಾಕ್ಬೇಕಂತೆ. ನಾನು ಎಲ್ಲಿಗೆ ಹೋಗ್ತೀನಿ ಅನ್ನೋದು ಊರಿಗೆಲ್ಲ ಯಾಕೆ? ಆಮೇಲೆ ಶಾಲೆ ಮುಂದೆ. ಐವತ್ತರಲ್ಲಿ ಹೋಗು ಅಂತಾನೆ. ಐವತ್ತೆಂಟರಲ್ಲಿದ್ದೆ. ಎಂಟು! ಎಂಟು ಒಂದು ಲೆಕ್ಕಾನಾ? ಆಮೇಲೆ ಎದುರಿಗೆ ಬಂದೋರಿಗೆ ಸ್ಟೇರಿಂಗಿಂದ ಕೈ ಎತ್ತಿ ನಮಸ್ಕಾರ ಮಾಡ್ದೆ. ಅದೂ ತಪ್ಪು! ಎರಡೂ ಕೈ ಸ್ಟೇರಿಂಗ್ ಮೇಲೇ ಇರ್ಬೇಕಂತೆ. ಅವನಿಗೆ ಅಮ್ಮ ಮರ್ಯಾದೆ ಕಲಿಸಿಲ್ಲ. ಅದನ್ನೂ ಬರ್ಕೊ."

ಬರೆದುಕೊಂಡೆ. ಎಲ್ಲವನ್ನೂ. ಹತ್ತೂ ನಲವತ್ತೆಂಟು.

"ಆಯ್ತು. ಈಗ ಕೀ."

"ಹೇಳಿದ್ನಲ್ಲ, ಮಾನದ..."

ಅಲ್ಲಿಗೆ ನನ್ನ ತಾಳ್ಮೆಯ ಟ್ಯಾಂಕು ಒಡೆಯಿತು. "ಯಾರ ಮಾನ? ನಿಂಗೆ ಕೆಲಸ ಇದೆ. ಇಪ್ಪತ್ತು ವರ್ಷದಿಂದ ಇದೆ. ನಂಗೆ ಇಲ್ಲ! ಶಾಲೆ ಬಿಟ್ಟೋನು ಅಂತ ಈ ಊರಲ್ಲಿ ಯಾರೂ ನನ್ನನ್ನ ಬಾ ಅಂತ ಕರೆದಿಲ್ಲ. ಕ್ಲೈವ್ ಒಬ್ಬ ಕರೆದ. ಪಂಪ್ ಬಿಚ್ಚಿ ಕಟ್ಟೋದು ನಂಗೆ ಬರುತ್ತೆ, ಅದೊಂದು ಬರುತ್ತೆ. ಅದಕ್ಕೆ ಬೇಕಾಗಿರೋದು ಒಂದು ಹಳದಿ ಕಾರ್ಡು. ನೀನು ಇಪ್ಪತ್ತೆರಡು ವರ್ಷ ಜೇಬಲ್ಲಿಟ್ಟು ಮೆರೆದೆಯಲ್ಲ, ಅದೇ ದರಿದ್ರದ ಹಳದಿ! ಅದೂ ನಂಗೆ ಬೇಡ್ವಾ? ನಿನ್ನ ಮಾನ ತಗೊಂಡು ಸೋಮವಾರ ನಾನು ಯಾವ ತೋಟಕ್ಕೆ ಹೋಗ್ಲಿ?"

ಸಾಲಿನಲ್ಲಿದ್ದ ಒಬ್ಬ ತನ್ನ ಪೈ ಕಚ್ಚಿದವನು ಜಗಿಯುವುದನ್ನು ನಿಲ್ಲಿಸಿದ. ಆಂಟಿ ಕೋಲನ್ನು ಮೇಜಿನ ಮೇಲೆ ಅಡ್ಡ ಇಟ್ಟರು. ಅಪ್ಪ ಜೇಬಿಗೆ ಕೈ ಹಾಕಿದ. ಕೀ ತೆಗೆದ. ಅದಕ್ಕೆ ಅಂಟಿದ್ದ ಸಾಸನ್ನು ಶರ್ಟಿನ ತೋಳಿಗೆ ಒರೆಸಿ ನನ್ನ ಮುಂದಿಟ್ಟ.

"ಎರಡನೇ ಗೇರು ಒರಟು," ಅಂದ, ತಲೆ ಎತ್ತದೆ. "ಮೆತ್ತಗೆ ಹಾಕು."

ಆಂಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹನ್ನೊಂದಕ್ಕೆ ಮೂರು ನಿಮಿಷ ಇರುವಾಗ ಮುಟ್ಟಿದೆ. ಆಂಟಿ ಇಳಿದರು, ಆಲ್ಡ್‌ರಿಡ್ಜ್ ಹತ್ತಿದ. ಹತ್ತುವ ಮೊದಲು ಸೀಟಿನ ಪಟ್ಟಿಯನ್ನು ಎರಡು ಸಲ ಎಳೆದು ನೋಡಿದ. ಪಾಪ, ಅಪ್ಪನ ಪಕ್ಕ ಕೂತದ್ದೂ ಅದೇ ಸೀಟು.

ಮುಂದಿನ ಮುಕ್ಕಾಲು ಗಂಟೆ ನಾನು ಪೈ ಚೀಲದ ಪ್ರಕಾರ ನಡೆದುಕೊಂಡೆ. 'ನಿಲ್ಲು' ಫಲಕದ ಹತ್ತಿರ ಚಕ್ರ ಮಾತ್ರವಲ್ಲ, ನನ್ನ ಉಸಿರನ್ನೂ ನಿಲ್ಲಿಸಿದೆ. ಪಕ್ಕಕ್ಕೆ ಸರಿಯುವಾಗ ಗೂಬೆ ಕೂಡ ಮೆಚ್ಚುವಷ್ಟು ಕತ್ತು ತಿರುಗಿಸಿದೆ. ಶಾಲೆಯ ಮುಂದೆ ಸೈಕಲ್ಲೊಂದು ನನ್ನನ್ನು ಹಿಂದೆ ಹಾಕಿತು. ವೃತ್ತದಿಂದ ಹೊರಗೆ ಬರುವಾಗ ದೀಪ ಹಾಕಿದೆ. ಯಾವನೋ ಎದುರಿನಿಂದ ಕೈ ಬೀಸಿದ, ಕ್ಲೈವ್ ಇದ್ದರೂ ಇರಬಹುದು, ನಾನು ಕಲ್ಲಿನಂತೆ ಕೂತೆ. ಎರಡನೇ ಗೇರನ್ನು ಮಾತ್ರ ಮೆತ್ತಗೆ ಹಾಕಿದೆ.

ಗಾಡಿ ನಿಲ್ಲಿಸಿದಾಗ ಆಲ್ಡ್‌ರಿಡ್ಜ್ ಒಂದಷ್ಟು ಹೊತ್ತು ಬರೆದ. ಬರೆದು ಮುಗಿಸಿ ಮೊದಲ ಸಲ ನಕ್ಕ. "ಪಾಸು. ಇವತ್ತು ಕಾಗದ ಕೊಡ್ತೀನಿ, ಕಾರ್ಡು ಅಂಚೇಲಿ ಬರುತ್ತೆ. ಸೋಮವಾರದಿಂದ ಧಾರಾಳವಾಗಿ ಓಡಿಸು." ಪೆನ್ನಿನ ಮುಚ್ಚಳ ಹಾಕುತ್ತ, "ಈ ವರ್ಷದಿಂದ ಪರೀಕ್ಷೆ ಬಿಗಿ ಮಾಡಿದ್ದಾರೆ. ಇಷ್ಟು ಶಿಸ್ತಾಗಿ ಓಡಿಸೋರನ್ನ ನಾನು ನೋಡೇ ಇಲ್ಲ. ನಿಮ್ಮಪ್ಪ ಅಂತೂ ಅಲ್ಲ, ಮತ್ತೆ ಯಾರ ಹತ್ರ ಕಲಿತೆ?" ಅಂದ.

ಕಿಟಕಿಯ ಆಚೆ ನೋಡಿದೆ. ಒಂದೂವರೆ ಕಿಲೋಮೀಟರ್ ನಡೆದು ಬಂದಿದ್ದ ಅಪ್ಪ ಬೆವರು ಸುರಿಸುತ್ತ ಬೆಂಚಿನ ಪಕ್ಕ ನಿಂತು, ಗಾಳಿಯಲ್ಲಿ ಇಲ್ಲದ ಸ್ಟೇರಿಂಗು ತಿರುಗಿಸಿ ಆಂಟಿಗೆ ಏನನ್ನೋ ವಿವರಿಸುತ್ತಿದ್ದ.

"ನಮ್ಮಪ್ಪನ ಹತ್ರಾನೇ," ಅಂದೆ.

ಆಲ್ಡ್‌ರಿಡ್ಜ್ ಕಾಗದದ ಮೇಲಿದ್ದ ಹೆಸರನ್ನು ಇನ್ನೊಮ್ಮೆ ಓದಿದ. ಕಿಟ್ಸನ್. ಅವನ ನಗು ಬಂದ ದಾರಿಯಲ್ಲೇ ವಾಪಸು ಹೋಯಿತು. "ಎಲ್ಲಾನೂ ಅವರೇ ಕಲಿಸಿದ್ದಾ?"

"ಹೌದು ಸಾರ್. ಎಂಟು ನಿಮಿಷದಲ್ಲಿ."

ಅವನು ಹಲಗೆ ಅವುಚಿಕೊಂಡು ಇಳಿದು ಹೋದ. ನಾನು ಕ್ಲೈವ್‌ಗೆ ಫೋನು ಮಾಡಿದೆ. "ಹ್ಞೂಂ. ಏಳು ಅಂದ್ರೆ ಏಳೇ. ಬೂಟು ಹಾಕ್ಕೊಂಡು ಬಾ," ಎಂದು ಇಟ್ಟ. ನಾದಿನಿಗೆ ಏನು ಹೇಳಿದನೋ ಅದು ಅವನ ಕರ್ಮ.

ಅಪ್ಪ ಕಾಗದವನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ನೋಡಿದ. ಆಮೇಲೆ ಪಾರ್ಕಿಂಗಿನಲ್ಲಿ ಇದ್ದವರಿಗೆಲ್ಲ ಕೇಳುವಂತೆ, "ನೋಡಿದ್ರಾ ಆಂಟಿ? ಆರು ತಿಂಗಳು ಮೈ ಬಗ್ಗಿಸಿ ಕಲಿಸಿದ್ದೀನಿ. ಬೀಜ ಒಳ್ಳೇದಿದ್ರೆ ಹಣ್ಣು ಒಂದನೇ ದರ್ಜೇನೇ!" ಅಂದ. ಮುಂದಿನ ಬಾಗಿಲಿಗೆ ಕೈ ಹಾಕಿದ.

ಆಂಟಿ ಕೋಲು ಅಡ್ಡ ಹಿಡಿದರು. "ಹಿಂದೆ."

ಅಪ್ಪ ಹಿಂದಿನ ಸೀಟಿನಲ್ಲಿ ಕೂತ. ಆಂಟಿ ನನ್ನ ಪಕ್ಕದಲ್ಲಿ ಕೂತು ಮನೆಗಳನ್ನು ನೋಡತೊಡಗಿದರು. ಅರವತ್ತು ಕಿಲೋಮೀಟರ್ ಉದ್ದಕ್ಕೂ ಅಪ್ಪ ಎರಡು ಸೀಟುಗಳ ನಡುವೆ ತಲೆ ತೂರಿಸಿ, ಇಲ್ಲಿ ನಿಲ್ಲಿಸಬೇಡ, ಅವನನ್ನು ಹಿಂದೆ ಹಾಕು, ಕತ್ತು ಯಾಕೆ ತಿರುಗಿಸುತ್ತೀ, ಒಂದು ಕೈ ಸಾಕು ಎಂದು ಬಿಡುವಿಲ್ಲದೆ ಹೇಳಿಕೊಟ್ಟ. ನಾನು ಒಂದನ್ನೂ ಕೇಳಲಿಲ್ಲ. ಮನೆ ಮುಂದೆ ಗಾಡಿ ನಿಂತಾಗ ಇಳಿದು ನನ್ನ ಬೆನ್ನು ತಟ್ಟಿದ.

"ನೋಡ್ದಾ? ನಾನು ಹೇಳಿದ ಹಾಗೆ ಓಡಿಸಿದ್ದಕ್ಕೆ ಒಂದು ತಪ್ಪೂ ಆಗ್ಲಿಲ್ಲ."